ಬಸವಪ್ರಸಾದ ತೆರೆದ ಕಿಂಡಿ

ಸುಲೋಚನಾಳ ಕೆಲಸ ಉಳಿಸಿದವನು ತಾನೇ ಎಂದು ಬಸವಪ್ರಸಾದ ಈಗಲೂ ಹೇಳಿಕೊಂಡು ತಿರುಗುತ್ತಾನೆ. ಕ್ಯಾಂಟೀನಿನಲ್ಲಿ ಹೇಳುತ್ತಾನೆ, ಮೆಟ್ರೊದಲ್ಲಿ ಹೇಳುತ್ತಾನೆ, ಕನ್ನಡದವರ ಕಾರ್ಯಕ್ರಮದಲ್ಲಿ ಮೈಕು ಕೈಗೆ ಸಿಕ್ಕರೆ ಅಲ್ಲೂ ಹೇಳುತ್ತಾನೆ. ಕೇಳಿದವರು ತಲೆದೂಗುತ್ತಾರೆ. ನನಗೆ ಮೈ ಉರಿಯುತ್ತದೆ. ಇಂಥವನಿಗಾಗಿ ಕಾಗದ ಹಾಳು ಮಾಡುವುದು ದಂಡ ಎಂದು ಗೊತ್ತಿದ್ದೂ ಬರೆಯಲು ಕೂತಿದ್ದೇನೆ. ಅವನು ಹೇಳುವ ಕಥೆಯಲ್ಲಿ ಅರ್ಧಕ್ಕಿಂತ ಹೆಚ್ಚು ಸುಳ್ಳು, ಉಳಿದದ್ದನ್ನು ಅವನು ಹೇಳುವುದೇ ಇಲ್ಲ.

ನಾನು ವನಜಾಕ್ಷಿ, ಮೈಸೂರಿನವಳು. ಗಂಡನಿಗೆ ಆರ್ಡನೆನ್ಸ್ ಫ್ಯಾಕ್ಟರಿಗೆ ವರ್ಗವಾಗಿ ನಾಗಪುರಕ್ಕೆ ಬಂದೆವು; ಬಜಾಜ್ ನಗರದಲ್ಲಿ ಮನೆ ಮಾಡಿ ಹತ್ತೊಂಬತ್ತು ವರ್ಷವಾಯಿತು. ಹಿಂಗಣಾ ಕಡೆ ಔಷಧಿ ಇಡುವ ಒಂದು ಶೀತಲ ಗೋದಾಮಿನಲ್ಲಿ ಗುಣಮಟ್ಟ ವಿಭಾಗದ ಕಡತಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಬೇರೆ ಬೇರೆ ಕಂಪನಿಗಳ ಇನ್ಸುಲಿನ್, ಲಸಿಕೆ ಎಲ್ಲ ನಮ್ಮಲ್ಲಿ ಇರುತ್ತದೆ. ಒಟ್ಟು ಆರು ಕೋಣೆ. ಒಳಗೆ ಎರಡರಿಂದ ಎಂಟು ಡಿಗ್ರಿ, ಹೊರಗೆ ಮೇ ತಿಂಗಳಲ್ಲಿ ನಲವತ್ತಾರು. ಎಂಟು ದಾಟಿ ಒಂದು ಗಂಟೆಯಾದರೆ ಮಾಲು ಚರಂಡಿಗೆ ಹೋಗಬೇಕು.

ಬಸವಪ್ರಸಾದ ನಮ್ಮ ಕಂಪ್ಯೂಟರ್ ವಿಭಾಗದ ಮುಖ್ಯಸ್ಥ. ವಿಭಾಗದಲ್ಲಿ ಇರುವವನು ಅವನೊಬ್ಬನೇ, ಹಾಗಾಗಿ ಮುಖ್ಯಸ್ಥನಾಗಲು ಅಡ್ಡಿಯೇನೂ ಇರಲಿಲ್ಲ. ಅವನ ತಂದೆ ಹುಬ್ಬಳ್ಳಿಯಿಂದ ರೈಲ್ವೆಯಲ್ಲಿ ವರ್ಗವಾಗಿ ನಾಗಪುರದ ಅಜನಿ ಬಡಾವಣೆಗೆ ಬಂದವರು. ಪಾಪ, ತುಂಬಾ ಒಳ್ಳೆಯವರು, ಮಗನ ವಿಷಯದಲ್ಲಿ ಮಾತ್ರ ಮೋಸಹೋದರು. ಇವನು ಹುಟ್ಟಿ ಬೆಳೆದದ್ದು ಇಲ್ಲೇ. ಮನೆಯಲ್ಲಿ ಧಾರವಾಡದ ಕಡೆಯ ಕನ್ನಡ ಆಡುತ್ತಾನೆ; ಓದಲು ಕೊಟ್ಟರೆ ಕನ್ನಡಕ ಮರೆತುಬಂದೆ ಎನ್ನುತ್ತಾನೆ. ಅವನಿಗೆ ಕನ್ನಡಕವೇ ಇಲ್ಲ. ಸೀತಾಬರ್ಡಿಯಲ್ಲಿ ಒಂದು ಮೊಬೈಲ್ ರಿಪೇರಿ ಅಂಗಡಿಯಲ್ಲಿ ಎರಡು ವರ್ಷ ಕೂತು ಒಡೆದ ಪರದೆ ಬದಲಾಯಿಸುವುದನ್ನು ಕಲಿತ. ಅದೇ ಅಂಗಡಿಯ ಮಹಡಿಯ ಮೇಲೆ ಮೂರು ತಿಂಗಳ ನೆಟ್‌ವರ್ಕ್ ಕೋರ್ಸು ಮುಗಿಸಿ, ಸರ್ಟಿಫಿಕೇಟಿಗೆ ಚೌಕಟ್ಟು ಹಾಕಿಸಿದ. ಆ ಚೌಕಟ್ಟು ಇವತ್ತಿಗೂ ಅವನ ಕುರ್ಚಿಯ ಹಿಂದೆ ದೇವರ ಪಟದ ಪಕ್ಕದಲ್ಲಿ ನೇತಾಡುತ್ತಿದೆ.

ನಮ್ಮ ಮ್ಯಾನೇಜರ್ ಉತ್ತಪ್ಪನವರು ಕೊಡಗಿನವರು, ಕಾಮಠಿಯ ದಂಡಿನಲ್ಲಿ ಸುಬೇದಾರರಾಗಿ ನಿವೃತ್ತರಾದವರು. ಶಿಸ್ತಿನ ಮನುಷ್ಯ. ಆದರೆ ನಾಗಪುರದಲ್ಲಿ ಯಾರ ಬಾಯಲ್ಲಾದರೂ ಕನ್ನಡ ಕೇಳಿದರೆ ಬೆಣ್ಣೆಯ ಹಾಗೆ ಕರಗಿಬಿಡುತ್ತಾರೆ. ರಾಜ್ಯೋತ್ಸವದ ದಿನ ಬಸವಪ್ರಸಾದ ಹಳದಿ ಕೆಂಪು ಶಲ್ಯ ಹೊದ್ದು ಅವರ ಕಾಲಿಗೆ ಬಿದ್ದ. ಮರುವಾರ ನಮ್ಮಲ್ಲಿ ಕೆಲಸಕ್ಕೆ ಸೇರಿದ. ಸುಲೋಚನಾಳನ್ನು ಸೇರಿಸಿಕೊಂಡದ್ದೂ ಉತ್ತಪ್ಪನವರೇ. ಅವಳು ಅಕ್ಕಲಕೋಟೆಯ ಕಡೆಯವಳು, ಖಾಪರಖೇಡಾದಲ್ಲಿ ಬೆಳೆದವಳು. ಅವಳು ಯಾರ ಕಾಲಿಗೂ ಬಿದ್ದವಳಲ್ಲ. ಮೂರನೇ ಕೋಣೆಯ ಆಪರೇಟರ್ ಆಗಿ ಆರು ವರ್ಷದಲ್ಲಿ ಒಂದು ಡಬ್ಬಿಯನ್ನೂ ಹಾಳಾಗಲು ಬಿಟ್ಟವಳಲ್ಲ.

ಹೋದ ವರ್ಷ ನಮ್ಮಲ್ಲಿ ಲಾಗ್ ಸಂಗ್ರಹಿಸುವ ತಂತ್ರಾಂಶ ಬಂತು. ಪ್ರತಿ ಕೋಣೆಯ ಗೋಡೆಯ ಮೇಲೆ ಒಂದು ಪ್ಯಾನೆಲ್ ಇದೆ. ಉಷ್ಣಾಂಶ ಎಷ್ಟು, ಯಾರು ಕಾರ್ಡ್ ತೋರಿಸಿದರು, ಯಾವ ಬಟನ್ ಒತ್ತಿದರು ಎಂದು ಅದು ಸಾಲುಸಾಲಾಗಿ ಬರೆಯುತ್ತಲೇ ಇರುತ್ತದೆ. ಆ ಸಾಲುಗಳೇ ಲಾಗ್. ಆರೂ ಪ್ಯಾನೆಲ್‌ಗಳು ಅವನ್ನು ನೆಟ್‌ವರ್ಕಿನ ಮೂಲಕ ಒಂದೇ ಕಂಪ್ಯೂಟರಿಗೆ ಕಳಿಸಬೇಕು. ಕೋಣೆ ಬಿಸಿಯಾದಾಗ ಆಪರೇಟರ್ ಕಾರ್ಡ್ ತೋರಿಸಿ ಕೆಂಪು ಬಟನ್ ಒತ್ತಿದರೆ, ಆ ಸಾಲು ಕಂಪ್ಯೂಟರಿಗೆ ತಲುಪಿದ ಕೂಡಲೇ ಮೆಕ್ಯಾನಿಕ್‌ಗೂ ಮ್ಯಾನೇಜರಿಗೂ ಮೊಬೈಲ್ ಸಂದೇಶ ಹೋಗಬೇಕು. ಆಪರೇಟರು ಕೋಣೆ ಬಿಟ್ಟು ಕದಲುವಂತಿಲ್ಲ, ಒಳಗೆ ಮೊಬೈಲ್ ಒಯ್ಯುವಂತೆಯೂ ಇಲ್ಲ.

ಕಂಪ್ಯೂಟರು ಈ ಸಾಲುಗಳನ್ನು ತೆಗೆದುಕೊಳ್ಳಬೇಕಾದರೆ ಅದಕ್ಕೊಂದು ಕಿಂಡಿ ತೆರೆದುಕೊಡಬೇಕು. ಕಂಪ್ಯೂಟರಿನವರ ಭಾಷೆಯಲ್ಲಿ ಅದು ಪೋರ್ಟ್. ಕಿಂಡಿಯ ನಂಬರು ಎಷ್ಟು, ಯಾವ ವಿಳಾಸದಲ್ಲಿ ಕಿವಿಗೊಟ್ಟು ಕೂರಬೇಕು ಎಂದು ಬರೆದರೆ ಮುಗಿಯಿತು, ಎರಡೇ ಸಾಲು. ಬಸವಪ್ರಸಾದ 5514 ಎಂದು ನಂಬರು ಬರೆದ. ವಿಳಾಸದ ಜಾಗದಲ್ಲಿ 127.0.0.1 ಎಂದು ಬರೆದ. ಹಾಗೆ ಬರೆದರೆ ಕಂಪ್ಯೂಟರು ತನ್ನೊಳಗಿನ ಮಾತನ್ನು ಮಾತ್ರ ಕೇಳುತ್ತದೆ. ಹೊರಗಿನ ಪ್ಯಾನೆಲ್‌ಗಳು ಬಂದು ಎಷ್ಟು ಬಡಿದರೂ ಅವಕ್ಕೆ ಕಿಂಡಿ ಇಲ್ಲ. ಮೊದಮೊದಲು ಪರೀಕ್ಷೆಗೆ ಎಲ್ಲರೂ ಹಾಗೆ ಬರೆಯುತ್ತಾರಂತೆ. ಕೂತಲ್ಲೇ ನಾಲ್ಕು ಸಾಲು ಕಳಿಸಿ, ಬಂತೇ ನೋಡಿ, ಆಮೇಲೆ ವಿಳಾಸ ಬದಲಾಯಿಸುತ್ತಾರಂತೆ. ಇದೆಲ್ಲ ನನಗೆ ಗೊತ್ತಾದದ್ದು ಬಹಳ ತಡವಾಗಿ.

ಅವನು ಆ ಪರೀಕ್ಷೆಗೆ ಕೂತದ್ದು ಖಂಡೇನವಮಿಯ ದಿನ ಬೆಳಿಗ್ಗೆ. ಹಿಂದಿನ ಹದಿನೈದು ದಿನ ಏನು ಕಡಿದು ಗುಡ್ಡೆ ಹಾಕಿದನೋ ದೇವರಿಗೇ ಗೊತ್ತು. ಉತ್ತಪ್ಪನವರಿಗೆ ಆಯುಧಪೂಜೆ ಎಂದರೆ ಪ್ರಾಣ. ನಮ್ಮಲ್ಲಿ ಫೋರ್ಕ್‌ಲಿಫ್ಟ್‌ನಿಂದ ಸ್ಟೇಪ್ಲರ್‌ವರೆಗೆ ಎಲ್ಲಕ್ಕೂ ಅರಿಶಿನ ಕುಂಕುಮ. ಪೂಜೆಯ ತಟ್ಟೆ ಎದುರಿಗೆ ಬಂದ ಕ್ಷಣ, ಉಪಕರಣ ಯಾವ ಸ್ಥಿತಿಯಲ್ಲಿದ್ದರೂ ಕೈ ಎತ್ತಿಬಿಡಬೇಕು. ವಿಜಯದಶಮಿ ಕಳೆಯುವವರೆಗೆ ಮುಟ್ಟಬಾರದು. ಹನ್ನೊಂದು ಗಂಟೆಗೆ ತಟ್ಟೆ ಬಂತು, ಬಸವಪ್ರಸಾದ ಕೈ ಎತ್ತಿದ. ಕೀಬೋರ್ಡಿಗೆ ಚೆಂಡುಹೂವು ಏರಿಸಿದರು. ಕಾಯಿ ಒಡೆದದ್ದೂ ಆಯಿತು.

ರಜೆ ಮುಗಿಸಿ ಬಂದವನು ಪರದೆ ನೋಡಿದ. ಸಾಲುಗಳು ಒಂದರ ಹಿಂದೊಂದು ಸರಸರ ಓಡುತ್ತಿದ್ದವು. ಅವು ಆ ಕಂಪ್ಯೂಟರು ತನ್ನಷ್ಟಕ್ಕೆ ತಾನೇ ಬರೆದುಕೊಳ್ಳುತ್ತಿದ್ದ ಸಾಲುಗಳು ಎಂದು ನೋಡುವ ತಾಳ್ಮೆ ಅವನಿಗೆಲ್ಲಿ? “ಏಕದಂ ಬರೋಬರ್ ಐತಿ ಸರ್” ಎಂದ. ಪ್ಯಾನೆಲ್‌ಗಳ ತನಕ ಹೋಗಿ ಒಂದು ಬಟನ್ ಒತ್ತಿ ನೋಡಿದ್ದರೆ ಸಾಕಿತ್ತು. ಹೋಗಲಿಲ್ಲ. ಅವನಿಗೆ ತಣ್ಣನೆಯ ಕೋಣೆಗೆ ಕಾಲಿಟ್ಟರೆ ನೆಗಡಿಯಾಗುತ್ತದೆಯಂತೆ.

ಪ್ಯಾನೆಲ್‌ಗಳ ಮೇಲೆ ಅವತ್ತಿನಿಂದ ಒಂದು ಹಳದಿ ದೀಪ ಮಿಣುಕತೊಡಗಿತು. ಕಳಿಸಿದ್ದು ತಲುಪುತ್ತಿಲ್ಲ ಎಂದು ಅದರ ಅರ್ಥ. ಸುಲೋಚನಾ ಮೂರು ಸಲ ಅವನ ಕುರ್ಚಿಯ ಹತ್ತಿರ ಬಂದು ಹೇಳಿದಳು. ಒಂದು ಸಲ ನಾನೂ ಅಲ್ಲಿದ್ದೆ.

“ಸಾಹೇಬ್ರ, ಆ ಪಿವಳಾ ದಿವಾ ನಿಂದ್ರವಲ್ದು. ಜರಾ ಬಂದ್ ನೋಡ್ರಿ.”

“ಅದು ಚಾಲೂ ಐತಿ ಅಂತ ತೋರ್ಸೂ ದೀಪ ಅಕ್ಕಾ. ನಿಮಗ ತಿಳಿಯೂದಲ್ಲ ಇದು. ನೀವು ಡಬ್ಬಿ ಎಣಸ್ರಿ ಹೋಗ್ರಿ” ಎಂದು ಇವನು ಹಲ್ಲು ಕಿರಿದ. ನನ್ನ ಕಡೆ ತಿರುಗಿ ಕಣ್ಣನ್ನೂ ಮಿಟುಕಿಸಿದ. ನಾನು ನಕ್ಕೆ. ಆ ನಗು ನೆನಪಾದಾಗ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ಪ್ರತಿ ತಿಂಗಳು ಅವನು ಒಂದು ಪ್ರಮಾಣಪತ್ರ ಬರೆಯುತ್ತಿದ್ದ. ಆರೂ ಕೋಣೆಗಳ ಲಾಗ್ ಸರಿಯಾಗಿ ಬರುತ್ತಿದೆ, ಈ ತಿಂಗಳು ಇಷ್ಟು ಲಕ್ಷ ಸಾಲು ಬಂದಿವೆ, ಇತಿ. ಜೊತೆಗೆ ಮಾದರಿಗೆಂದು ಒಂದು ಹಾಳೆ ಸಾಲುಗಳು. ಅದನ್ನು ಓದಿ ‘ಪರಿಶೀಲಿಸಲಾಗಿದೆ’ ಎಂಬ ಮೊಹರಿನ ಕೆಳಗೆ ಸಹಿ ಹಾಕಬೇಕಾದವಳು ನಾನು. ಮೊಹರು ಹಾಕಿದೆ, ಸಹಿ ಹಾಕಿದೆ. ಏಪ್ರಿಲ್ ಮುಗಿಯುವ ಹೊತ್ತಿಗೆ ಏಳು ಪ್ರಮಾಣಪತ್ರಗಳಾಗಿದ್ದವು.

ಮೇ ಇಪ್ಪತ್ತರ ಮಧ್ಯಾಹ್ನ ಎರಡು ಗಂಟೆಗೆ ಮೂರನೇ ಕೋಣೆಯ ಕಂಪ್ರೆಸರ್ ನಿಂತಿತು. ಎರಡೂ ಮುಕ್ಕಾಲಿಗೆ ಸುಲೋಚನಾ ಅಂಗಳದ ಬಿಸಿಲಿನಲ್ಲಿ ಓಡಿಬಂದು ಕಚೇರಿಯ ಬಾಗಿಲು ತಳ್ಳಿದಳು.

“ಬಟನ್ ಒತ್ತಿ ಅರ್ಧಾ ತಾಸ ಆತ್ರಿ! ಯಾರೂ ಬರವಲ್ರು!” ಎಂದು ಏದುಸಿರು ಬಿಟ್ಟಳು.

ಮೆಕ್ಯಾನಿಕ್ ಬರುವ ಹೊತ್ತಿಗೆ ಒಳಗಿನ ಇನ್ಸುಲಿನ್ ಪೂರ್ತಿ ಹಾಳಾಗಿತ್ತು. ಮಾಲಿನ ಕಂಪನಿಯವರು ಯಾರದು ತಪ್ಪು, ಹೆಸರು ಹೇಳಿ ಎಂದು ಪಟ್ಟು ಹಿಡಿದರು. ಆಪರೇಟರು ಐದು ನಿಮಿಷದೊಳಗೆ ಬಟನ್ ಒತ್ತದಿದ್ದರೆ ಕೆಲಸದಿಂದ ತೆಗೆಯಬೇಕೆಂದು ನಿಯಮವಿದೆ. ಹಾಗೆ ಹೊರಬಿದ್ದವಳನ್ನು ಈ ಊರಿನ ಯಾವ ಶೀತಲ ಗೋದಾಮೂ ಗೇಟಿನೊಳಗೆ ಬಿಟ್ಟುಕೊಳ್ಳುವುದಿಲ್ಲ. ಸುಲೋಚನಾಗೆ ಬರುವ ಕೆಲಸ ಇದೊಂದೇ.

ಗುರುವಾರ ಉತ್ತಪ್ಪನವರ ಕೋಣೆಯಲ್ಲಿ ವಿಚಾರಣೆ ನಡೆಯಿತು. ಬಸವಪ್ರಸಾದ ಮದುವೆ ಮನೆಯ ಫೋಟೊಗ್ರಾಫರನ ಗತ್ತಿನಲ್ಲಿ ಲ್ಯಾಪ್‌ಟಾಪ್ ಹೊತ್ತು ತಂದ. ಸುಲೋಚನಾಳ ಕಾರ್ಡ್ ನಂಬರು ಹಾಕಿ ಹುಡುಕಿದ. ಇಪ್ಪತ್ತನೇ ತಾರೀಖು, ಸೊನ್ನೆ.

“ನೋಡ್ರಿ ಸರ್. ಮನಷ್ಯಾ ಸುಳ್ಳ ಹೇಳಬಹುದು, ರೆಕಾರ್ಡ್ ಹೇಳಂಗಿಲ್ಲ” ಎಂದ.

ಸುಲೋಚನಾ ಎದ್ದು ನಿಂತಳು. “ದುಸರೇ ದಿನದ್ದು ತಗದು ನೋಡ್ರಿ ಸಾಹೇಬ್ರ. ದಿನಾ ಎಂಟ ಸರತಿ ಕಾರ್ಡ್ ತೋರಸ್ತೀನಿ. ಅದರೆ ಐತೇನ ನೋಡ್ರಿ.”

ಮೂರು ತಿಂಗಳ ಕೋರ್ಸು ಮಾಡಿದವನಿಗೆ ಹೊಳೆಯದ್ದು ಹತ್ತನೇ ತರಗತಿ ಓದಿದವಳಿಗೆ ಹೊಳೆದಿತ್ತು. ಬಸವಪ್ರಸಾದ ಕೈ ಅಲ್ಲಾಡಿಸಿದ. “ಇಂಕ್ವಾಯರಿ ಇರೂದು ಆ ದಿನದ್ದು. ವಿಷಯ ಬಿಟ್ಟು ಮಾತಾಡಬ್ಯಾಡ್ರಿ ಅಕ್ಕಾ.”

“ಅದೂ ಸರಿಯೇ” ಎಂದರು ಉತ್ತಪ್ಪ. “ಸೋಮವಾರ ಮಾಲಿನ ಕಂಪನಿಯ ಅಧಿಕಾರಿ ಬರುತ್ತಾರೆ. ಅಷ್ಟರಲ್ಲಿ ನಿನ್ನ ಹೇಳಿಕೆ ಬರೆದುಕೊಡಮ್ಮ.”

ನಾನು ಪರದೆಯನ್ನು ನೋಡುತ್ತಿದ್ದೆ; ಹುಡುಕಾಟದ ಸೊನ್ನೆಯ ಕೆಳಗೆ ಎಂದಿನ ಸಾಲುಗಳು ಓಡುತ್ತಿದ್ದವು. ಕಾಣುತ್ತಿದ್ದ ಅಷ್ಟೂ ಸಾಲುಗಳ ತುದಿಯಲ್ಲಿ ಒಂದೇ ಯಂತ್ರದ ಹೆಸರಿತ್ತು. ಕೋಣೆಗಳಿರುವುದು ಆರು. ಕುರ್ಚಿಗೆ ಬಂದು ಕಪಾಟಿನಿಂದ ಏಳೂ ಪ್ರಮಾಣಪತ್ರಗಳ ಮಾದರಿ ಹಾಳೆ ತೆಗೆದೆ. ಅಕ್ಟೋಬರಿನಿಂದ ಏಪ್ರಿಲ್‌ವರೆಗೆ ಅದೇ ಒಂದು ಹೆಸರು. ಯಾವ ಕೋಣೆಯಿಂದಲೂ ಒಂದು ಸಾಲೂ ಬಂದಿರಲಿಲ್ಲ. ಸುಲೋಚನಾಳ ಕಾರ್ಡ್ ಅಲ್ಲಿ ಇಲ್ಲದ್ದು ಅವಳು ಬಟನ್ ಒತ್ತದೆ ಇದ್ದುದರಿಂದಲ್ಲ ಎಂದು ನನಗೆ ಗುರುವಾರ ಸಂಜೆ ಐದು ಗಂಟೆಗೇ ಗೊತ್ತಾಯಿತು.

ಶುಕ್ರವಾರ ಬೆಳಿಗ್ಗೆ ಹಾಳೆಗಳನ್ನು ಬಸವಪ್ರಸಾದನ ಮುಂದಿಟ್ಟೆ. “ಏನ್ರೀ ಇದು?” ಎಂದೆ.

ಅವನ ಮುಖ ನೋಡಿದರೆ ರಾತ್ರಿ ತಾನೂ ಹುಡುಕಿ ನೋಡಿದ್ದಾನೆಂದು ಗೊತ್ತಾಗುತ್ತಿತ್ತು. ಆದರೂ ಬಾಗಿಲು ಮುಚ್ಚಿ ಬಂದು, ನಿಧಾನವಾಗಿ ಕೂತ. “ಮೇಡಂ, ಏಳೂ ನಾ ಬರದದ್ದು ಖರೇ. ಕೆಳಗ ‘ಪರಿಶೀಲಿಸಲಾಗಿದೆ’ ಅಂತ ಸಹಿ ಯಾರದೈತಿ? ನಾ ಬಿದ್ರ ಒಬ್ಬನ ಬೀಳಂಗಿಲ್ಲ. ಆಕಿಗೆ ಇನ್ನೊಂದ್ ಕಡೆ ಎಲ್ಲೆರೆ ನೌಕರಿ ಸಿಗತೈತಿ ಬಿಡ್ರಿ.”

ಥೂ ಎಂದು ಮುಖಕ್ಕೆ ಉಗಿಯಬೇಕಿತ್ತು. ಹಾಳೆಗಳನ್ನು ಜೋಡಿಸಿಕೊಂಡು ವಾಪಸ್ ಬಂದೆ. ಶುಕ್ರವಾರ ಬಾಯಿಗೆ ಬೀಗ ಹಾಕಿಕೊಂಡಿದ್ದೆ, ಶನಿವಾರವೂ ಹಾಕಿಕೊಂಡಿದ್ದೆ. ಮನೆಯಲ್ಲಿ ಗಂಡನ ಮುಂದೆ ಬಸವಪ್ರಸಾದನನ್ನು ಬಾಯಿಗೆ ಬಂದಂತೆ ಬೈದೆ. ಸಹಿಯ ವಿಷಯ ಮಾತ್ರ ಎತ್ತಲಿಲ್ಲ. ಇನ್ನೊಬ್ಬರನ್ನು ಬೈಯುತ್ತಿದ್ದರೆ ತಾನು ಸಾಚಾ ಅನ್ನಿಸುತ್ತದೆ. ಆ ಎರಡು ದಿನ ನಾನು ಬದುಕಿದ್ದು ಅದರ ಮೇಲೆ.

ಭಾನುವಾರ ಬೆಳಿಗ್ಗೆ ಬಸವಪ್ರಸಾದ ಕಳ್ಳಹೆಜ್ಜೆಯಲ್ಲಿ ಗೋದಾಮಿಗೆ ಬಂದ. ಗೇಟಿನ ಪುಸ್ತಕದಲ್ಲಿ ಒಳಗೆ ಬಂದದ್ದು ಹತ್ತು ಐವತ್ತು, ಹೊರಗೆ ಹೋದದ್ದು ಹನ್ನೊಂದು ಐದು ಎಂದಿದೆ. ಸೋಮವಾರ ಯಾರಾದರೂ ಒಂದು ಬಟನ್ ಒತ್ತಿ ಪರೀಕ್ಷೆ ಮಾಡಿದರೆ ತನ್ನ ಬಂಡವಾಳ ಬಯಲಾಗುತ್ತದೆ ಎಂಬ ಭಯ ಅವನಿಗೆ. ವಿಳಾಸದ ಸಾಲನ್ನು ಬದಲಾಯಿಸಿದ, ತಂತ್ರಾಂಶವನ್ನು ನಿಲ್ಲಿಸಿ ಮತ್ತೆ ಶುರು ಮಾಡಿದ, ಪರದೆ ಮಾತ್ರ ಆರಿಸಿ ಓಡಿದ. ಏಳು ತಿಂಗಳು ಮುಚ್ಚಿದ್ದ ಕಿಂಡಿ ತೆರೆಯಿತು. ಹಳೆಯದೆಲ್ಲ ಗಾಳಿಗೆ ಹೋಯಿತು, ಹೊಸದು ಬರುತ್ತದೆ, ಸುಲೋಚನಾ ಹೋಗುತ್ತಾಳೆ, ತಾನು ಉಳಿಯುತ್ತೇನೆ ಎಂದು ಅವನ ಲೆಕ್ಕಾಚಾರ.

ಸೋಮವಾರ ಮಾಲಿನ ಕಂಪನಿಯಿಂದ ನಿತಿನ್ ಎಂಬ ಅಧಿಕಾರಿ ಬಂದರು. ತೆಳ್ಳಗೆ, ಮಾತು ಕಡಿಮೆ. ಸುಲೋಚನಾ ತನ್ನ ಹೇಳಿಕೆಯ ಕಾಗದ ಹಿಡಿದು ಗೋಡೆಯ ಪಕ್ಕ ನಿಂತಿದ್ದಳು. ನಾನು ಕಡತಗಳ ಜೊತೆ ಕೂತಿದ್ದೆ. ಬಸವಪ್ರಸಾದ ದೊಡ್ಡ ಪರದೆಗೆ ತಂತಿ ಜೋಡಿಸಿ, ಸುಲೋಚನಾಳ ಕಾರ್ಡ್ ನಂಬರನ್ನು ಒಂದೊಂದೇ ಅಂಕಿ ಗಟ್ಟಿಯಾಗಿ ಓದುತ್ತಾ ಹಾಕಿದ. ಮತ್ತೆ ಸೊನ್ನೆ ತೋರಿಸಿ ಶಹಭಾಷ್‌ಗಿರಿ ಪಡೆಯುವ ಉಮೇದು.

ಪರದೆ ತುಂಬಿ ಹೋಯಿತು.

ಫೆಬ್ರುವರಿಯಿಂದ ಹಿಡಿದು ದಿನಕ್ಕೆ ಎಂಟು ಸಲದಂತೆ ಅವಳ ಕಾರ್ಡ್. ನಿತಿನ್ ಎದ್ದು ಹತ್ತಿರ ಹೋಗಿ ಮೇ ಇಪ್ಪತ್ತಕ್ಕೆ ಬೆರಳಿಟ್ಟರು. ಉಷ್ಣಾಂಶ ಎಂಟು ದಾಟಿದ್ದು ಎರಡು ಹನ್ನೊಂದಕ್ಕೆ. ಅದೇ ನಿಮಿಷ ಕಾರ್ಡ್, ಹನ್ನೆರಡು ಸೆಕೆಂಡಿನ ನಂತರ ಕೆಂಪು ಬಟನ್. ಆಮೇಲೂ ಅರ್ಧ ಗಂಟೆಯಲ್ಲಿ ಅವಳು ಮತ್ತೆ ಹದಿನಾಲ್ಕು ಸಲ ಒತ್ತಿದ್ದಳು. ಹದಿನಾಲ್ಕೂ ಅಲ್ಲಿದ್ದವು.

“ಹೇ ಸಗ್ಳಂ ರವಿವಾರೀಚ್ ಕಸಂ ಆಲಂ?” ಎಂದು ನಿತಿನ್ ಕೇಳಿದರು, ಇದೆಲ್ಲ ಭಾನುವಾರವೇ ಹೇಗೆ ಬಂತು ಎಂದು. ಪ್ರತಿ ಸಾಲಿನಲ್ಲೂ ಎರಡು ಹೊತ್ತು ಬರೆದಿರುತ್ತದೆ, ಘಟನೆ ನಡೆದದ್ದು ಮತ್ತು ಸಾಲು ತಲುಪಿದ್ದು. ಮೂರು ತಿಂಗಳ ಅಷ್ಟೂ ಸಾಲು ತಲುಪಿದ್ದು ಭಾನುವಾರ ಹನ್ನೊಂದೂವರೆಯ ಮೇಲೆ. ಅವರ ಕಂಪನಿಯಲ್ಲೂ ಇದೇ ಪ್ಯಾನೆಲ್‌ಗಳಿವೆಯಂತೆ. ಕಳಿಸಿದ್ದಕ್ಕೆ ಮುಟ್ಟಿತು ಎಂಬ ಉತ್ತರ ಬಾರದಿದ್ದರೆ ಅವು ಮೂರು ತಿಂಗಳವರೆಗಿನದನ್ನು ತಮ್ಮಲ್ಲೇ ಇಟ್ಟುಕೊಂಡು, ಅರ್ಧ ಗಂಟೆಗೊಮ್ಮೆ ಮತ್ತೆ ಪ್ರಯತ್ನಿಸುತ್ತವೆ, ಹಾಗೆ ತಡವಾಗಿ ತಲುಪಿದ ಸಾಲಿಗೆ ಮೊಬೈಲ್ ಸಂದೇಶ ಹೋಗುವುದಿಲ್ಲ ಎಂದು ಅವರು ಹೇಳಿದರು. ಪ್ಯಾನೆಲ್ ಜೊತೆ ಬಂದ ಪುಸ್ತಕದಲ್ಲೇ ಅದು ಇತ್ತು. ಆ ಪುಸ್ತಕದ ಪ್ಲಾಸ್ಟಿಕ್ ಹೊದಿಕೆಯನ್ನೂ ಬಸವಪ್ರಸಾದ ಹರಿದಿರಲಿಲ್ಲ.

ಬಸವಪ್ರಸಾದನ ಮುಖ ಬಿಳಿಚಿತು. ಎರಡೇ ನಿಮಿಷ. ಆಮೇಲೆ ಅವನು ಎದ್ದು ಕೈ ಜೋಡಿಸಿದ.

“ಸರ್, ಸುಲೋಚನಕ್ಕನ ಸಲುವಾಗಿನ ರವಿವಾರ ಸುಟ್ಟಿ ಬಿಟ್ಟು ಬಂದು ದುರಸ್ತಿ ಮಾಡೀನ್ರಿ. ನಮ್ಮ ಕನ್ನಡದ ಹೆಣ್ಮಗಳು, ಆಕಿಗೆ ಅನ್ಯಾಯ ಆಗಬಾರ್ದು ಅಂತ.”

ಎಂಥ ಹುಳ! ಕೊಲ್ಲಲು ಎತ್ತಿದ ಕೈಯನ್ನೇ ಆಶೀರ್ವಾದದ ಕೈ ಎಂದು ತೋರಿಸುತ್ತಿದ್ದ. ಉತ್ತಪ್ಪನವರು ಕೆಂಪಗಾಗಿ ಕೂಗಿದರು, ಸೈನ್ಯದ ಬೈಗುಳವೆಲ್ಲ ಬಂತು. ಆದರೂ ಕೊನೆಯಲ್ಲಿ, “ಇರಲಿ, ಕಡೆಗಾದರೂ ಬಂದು ಸರಿಮಾಡಿದೆಯಲ್ಲ” ಎಂದು ಸ್ವಲ್ಪ ಇಳಿದರು. ಮೂರು ತಿಂಗಳು ಬಡ್ತಿ ಇಲ್ಲ ಎಂಬ ಶಿಕ್ಷೆಯಷ್ಟರಲ್ಲೇ ಅವನು ಪಾರಾದ. ಅವನು ಇವತ್ತು ಊರಿಗೆಲ್ಲ ಹೇಳುವ ಕಥೆ ಹುಟ್ಟಿದ್ದು ಆ ನಿಮಿಷದಲ್ಲಿ.

“ನೀನು ಕೆಲಸಕ್ಕೆ ಹೋಗಮ್ಮ. ಆದದ್ದು ಮರೆತುಬಿಡು” ಎಂದರು ಉತ್ತಪ್ಪ ಸುಲೋಚನಾಗೆ.

ಅವಳು ಕದಲಲಿಲ್ಲ. “ಬರದು ಕೊಡ್ರಿ ಸಾಹೇಬ್ರ. ನಾ ಟಾಯಮಕ್ಕ ಬಟನ್ ಒತ್ತೀನಿ, ತಪ್ಪು ಯಾರದೈತಿ ಅಂತ. ನಾಳೆ ಮತ್ಯಾರರೆ ಕೇಳಿದ್ರ ತೋರಸಾಕ ಬೇಕು.”

“ಬಸವಪ್ರಸಾದ್, ಬರೆದುಕೊಡು.”

“ಅವರು ಬ್ಯಾಡ” ಎಂದಳು. “ಬಾಯಾರು ಬರೀಲಿ.” ನನ್ನ ಕಡೆ ನೋಡಿದಳು. ಗುರುವಾರ ಪರದೆ ನೋಡುತ್ತಿದ್ದ ನನ್ನನ್ನು ಅವಳು ನೋಡುತ್ತಿದ್ದಳು ಎಂದು ನನಗೆ ಆಗ ಹೊಳೆಯಿತು.

ಕಂಪ್ಯೂಟರಿನ ಮುಂದೆ ಕೂತು ಮರಾಠಿಯಲ್ಲಿ ಪತ್ರ ಶುರು ಮಾಡಿದೆ. ಅವಳು ನನ್ನ ಬೆನ್ನ ಹಿಂದೆ ನಿಂತಳು. ತಾರೀಖು, ಹೊತ್ತು, ಬಟನ್ ಒತ್ತಿದ ಲೆಕ್ಕ ಬರೆದೆ. ಬಸವಪ್ರಸಾದ ಏಳು ತಿಂಗಳು ಕಿಂಡಿಯನ್ನು ಹೊರಗಿನವರಿಗೆ ತೆರೆಯದೆ, ಎಲ್ಲ ಸರಿ ಇದೆ ಎಂದು ಸುಳ್ಳು ಪ್ರಮಾಣಪತ್ರ ಕೊಟ್ಟ ಎಂಬ ವಾಕ್ಯ ಒಂದೇ ಉಸಿರಿಗೆ ಬಂತು, ಬರೆಯುವಾಗ ಖುಷಿಯೂ ಆಯಿತು. ಮುಂದಿನ ವಾಕ್ಯಕ್ಕೆ ಬೆರಳು ಓಡಲಿಲ್ಲ. ಗುಣಮಟ್ಟ ವಿಭಾಗದ ವನಜಾಕ್ಷಿಯವರು ಪ್ರಮಾಣಪತ್ರಗಳನ್ನು ಓದದೆ ಸಹಿ ಮಾಡಿದ್ದರು ಎಂದು ಹೇಗೋ ಮುಗಿಸಿ, ಪ್ರಿಂಟ್ ಒತ್ತಲು ಹೋದೆ.

“ಇಷ್ಟ ಅಲ್ಲ ಬಾಯಾರ” ಎಂದಳು ಸುಲೋಚನಾ. ದನಿ ಏರಿಸಲಿಲ್ಲ. “ಓದಲಿಲ್ಲ ಅನ್ನೂದು ಏಪ್ರಿಲ್ ಮಟಾ. ಗುರುವಾರದ್ದು ಬರೀರಿ. ಗೊತ್ತಿದ್ದೂ ಸುಮ್ಮ ಕುಂತ್ರು ಅಂತ ಹಾಕ್ರಿ.”

ಹಾಕಿದೆ. ಅವಳು ಪತ್ರವನ್ನು ಎರಡು ಸಲ ಓದಿ, ಮಡಿಚಿ ಚೀಲದಲ್ಲಿಟ್ಟುಕೊಂಡು, ಮೂರನೇ ಕೋಣೆಯ ಕಡೆ ಹೋದಳು.